ಕಂಡಿ ಕಚೇರಿಯಲ್ಲಿ ಕೇಳಿದ ಪ್ರಶ್ನೆ

ಆಟಿ ತಿಂಗಳ ಮಳೆಗೆ ಕರೆಂಟು ಹೋಯಿತೆಂದರೆ ನಮ್ಮ ಮನೆಯ ಮಕ್ಕಳು ಬಚ್ಚಲೊಲೆಯ ಮುಂದೆ ಸೇರುತ್ತಾರೆ. ಕೆಂಡದಲ್ಲಿ ಹಲಸಿನ ಬೀಜ, ಬಾಯಲ್ಲಿ ಪ್ರಶ್ನೆ. ಮೊನ್ನೆ ಮೊಮ್ಮಗಳದ್ದು ಹೀಗಿತ್ತು: “ಅಜ್ಜಾ, ಸುಳ್ಯದ ರಬ್ಬರ್ ಕಾಲೊನಿಯವರು ತಮಿಳು ಮಾತಾಡುವುದು ಯಾಕೆ?” ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳು ಅರ್ಧಕ್ಕೇ ನಿದ್ದೆ ಹೋದದ್ದರಿಂದ ಉಳಿದರ್ಧ ನಿಮಗೆ ಹೊಸತು.

ಫರಂಗಿಪೇಟೆಯಲ್ಲಿ ಹೆದ್ದಾರಿಯ ಬದಿಗೆ ನನ್ನ ಅಪ್ಪನ ಹೋಟೆಲಿತ್ತು. ಹೋಟೆಲೆಂದರೆ ನಾಲ್ಕು ಬೆಂಚು, ಒಂದು ಚಹಾದ ಬಾಯ್ಲರು, ಗಾಜಿನ ಡಬ್ಬಿಯಲ್ಲಿ ಗೋಳಿಬಜೆ. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯನ್ನು ಮುಳುಗಿಸಿತಲ್ಲ, ಅದರ ಮರುವರ್ಷದ ಮಳೆಗಾಲ. ನೀರು ಏರಿದ ಸುದ್ದಿ ಬಂದರೆ ಸಾಕು, ಯಾವ ಡ್ರೈವರನೂ ಪಾಣೆಮಂಗಳೂರು ದಾಟುವ ಧೈರ್ಯ ಮಾಡುತ್ತಿರಲಿಲ್ಲ. ಹಾಗೆ ಹೆದರಿ ನಿಂತ ಎರಡು ಲಾರಿಗಳ ಟಾರ್ಪಾಲು ಸರಿಸಿ ಜನ ಇಳಿಯತೊಡಗಿದರು. ಮಂಗಳೂರಿನ ರೈಲು ಸ್ಟೇಷನ್ನಿನಿಂದ ಸುಳ್ಯಕ್ಕೆ ಹೊರಟವರು. ತಗಡಿನ ಪೆಟ್ಟಿಗೆ, ಹಾಸಿಗೆಯ ಸುರುಳಿ, ಒಂದು ಹೊಲಿಗೆ ಮೆಷಿನು. ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಮಕ್ಕಳ ಮೈಮೇಲಿನ ಉಣ್ಣೆಯ ಸ್ವೆಟರು. ಮಳೆಯಲ್ಲೂ ಬೆವರುವ ನಮ್ಮೂರಲ್ಲಿ ಸ್ವೆಟರು ಹಾಕಿದವರನ್ನು ನಾನು ನೋಡಿದ್ದು ಅದೇ ಮೊದಲು. ಅವರು ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಚಹಾ ಗುಡ್ಡಗಳಿಂದ, ಹಟ್ಟನ್ ಕಡೆಯ ಚಳಿಯಿಂದ ಬಂದವರೆಂದು ಆಮೇಲೆ ತಿಳಿಯಿತು.

ಅಪ್ಪ ದೊಡ್ಡ ಚರಿಗೆ ಒಲೆಗಿಟ್ಟು ಕುಚ್ಚಲಕ್ಕಿ ಗಂಜಿ ಮಾಡಿಸಿದರು. ಕೆಂಪಕ್ಕಿ ಅವರಿಗೆ ಹೊಸತಲ್ಲ, ಬೇಗ ಬೇಗ ಉಂಡರು. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಒಬ್ಬರು ಕೊಂಕಣಿ ಬಾಯಿ ಕೊಡೆ ಹಿಡಿದು ಬಂದು ಒಂದು ಪಾತ್ರೆ ಹುರುಳಿ ಪಲ್ಯ ಕೊಟ್ಟು, “ನಮ್ಮ ಹಿರಿಯರೂ ಪಟ್ಟಣದಿಂದ ನಡೆದುಕೊಂಡು ಬಂದವರೇ” ಎಂದರು. ಪಟ್ಟಣ ಎಂದರೆ ಶ್ರೀರಂಗಪಟ್ಟಣ. 1784ರಲ್ಲಿ ಈ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಘಟ್ಟದ ಮೇಲೆ ಒಯ್ದದ್ದು, 1799ರಲ್ಲಿ ಅವನು ಮಡಿದ ಮೇಲೆ ಬದುಕಿ ಉಳಿದವರು ಮರಳಿದ್ದು ನಮ್ಮೂರಿನ ಮೋಂತಿ ಮರಿಯಾನೊ ಗುಡ್ಡದ ಆಸುಪಾಸಿನ ಮನೆಗಳಲ್ಲಿ ಆಗಲೂ ಊಟದ ಹೊತ್ತಿನ ಮಾತಾಗಿತ್ತು.

ಮಾತಿಗೆ ಜನ ಬೇಕಿತ್ತು. ಪ್ರಾಯದಲ್ಲಿ ಕೊಲಂಬೋದ ಅಂಗಡಿಯೊಂದರಲ್ಲಿದ್ದು ಬಂದ ಬ್ಯಾರಿ ಹಿರಿಯರೊಬ್ಬರಿದ್ದರು. ಊರಿಗೆಲ್ಲ ಅವರು ‘ಕೊಲಂಬು ಬ್ಯಾರಿ’. ಅವರ ತಮಿಳು ಒಳ್ಳೆಯದಿತ್ತು. ಲಾರಿಯಿಂದ ಇಳಿದ ಮುದುಕರೊಬ್ಬರನ್ನು ಒಲೆಯ ಹತ್ತಿರ ಕೂರಿಸಿ, ಬೀಡಿ ಕೊಟ್ಟು ಮಾತಾಡಿಸಿದರು. ಮುದುಕರು ಹೇಳಿದ್ದನ್ನು ಬ್ಯಾರಿಗಳು ತುಳುವಿನಲ್ಲಿ ನಮಗೆ ದಾಟಿಸಿದರು.

ಮುದುಕರ ಅಜ್ಜನ ಕಾಲಕ್ಕೇ ಅವರ ಮನೆಯವರು ತಿರುಚ್ಚಿ ಕಡೆಯಿಂದ, ಕೂಲಿಗೆ ಜನ ಕೂಡಿಸುವ ಕಂಗಾಣಿಯ ಹಿಂದೆ ಹೋಗಿ ತೋಟ ಸೇರಿದ್ದರು. 1948ರಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಬಂದ ಪೌರತ್ವ ಕಾಯಿದೆ ಇವರನ್ನು ಆ ದೇಶದವರಲ್ಲ ಅಂದಿತು. ಭಾರತವೂ ತನ್ನವರೆನ್ನಲಿಲ್ಲ. ನೆಹರೂ ಮತ್ತು ಸಿಲೋನಿನ ಪ್ರಧಾನಿ ಕೊಟೆಲಾವಲ 1954ರಲ್ಲಿ ಮಾಡಿಕೊಂಡ ಒಪ್ಪಂದದಿಂದಲೂ ಗಂಟು ಬಿಡಲಿಲ್ಲ. ಚಹಾದ ಸೊಪ್ಪು ಕಿತ್ತದ್ದು ಅಲ್ಲಿ, ಹೆರಿಗೆ ಆದದ್ದು ಅಲ್ಲಿ, ಸತ್ತವರನ್ನು ಮಣ್ಣು ಮಾಡಿದ್ದೂ ಅಲ್ಲಿ. ದೇಶ ಮಾತ್ರ ಎಲ್ಲೂ ಇಲ್ಲ.

ಕೊನೆಗೆ 1964ರ ಅಕ್ಟೋಬರಿನಲ್ಲಿ ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ದೆಹಲಿಗೆ ಬಂದು ಲಾಲ್ ಬಹದ್ದೂರ್ ಶಾಸ್ತ್ರಿಯವರ ಜೊತೆ ಕೂತರು. 30ನೇ ತಾರೀಕು ಸಹಿ ಬಿತ್ತು. ದೇಶವಿಲ್ಲದವರು ಒಟ್ಟು 9,75,000 ಎಂದು ಅಂದಾಜು. ಅವರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, 15 ವರ್ಷಗಳಲ್ಲಿ ಎಲ್ಲ ಮುಗಿಯಬೇಕು. ಉಳಿದ ಒಂದೂವರೆ ಲಕ್ಷದ ಬಗ್ಗೆ ಚೌಕಾಸಿ ಹರಿಯದ್ದರಿಂದ ಮುಂದೆ ನೋಡೋಣ ಎಂದರು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೋ ಅದನ್ನೂ ತಲಾ 75,000ದಂತೆ ಪಾಲು ಮಾಡಿದರು. ಅಣ್ಣತಮ್ಮಂದಿರು ಅಡಿಕೆ ತೋಟ ಪಾಲು ಮಾಡುವಾಗಲಾದರೂ ಯಾವ ಮರ ಯಾರಿಗೆ ಎಂದು ತೋಟಕ್ಕಿಳಿದು ನೋಡುತ್ತಾರೆ. ಇಲ್ಲಿ ಅದೂ ಇಲ್ಲ. ತೋಟದ ಕಾರ್ಮಿಕರ ನಾಯಕ ತೊಂಡಮಾನ್ ಅವರ ದೊಡ್ಡ ತಕರಾರು ಇದೇ ಆಗಿತ್ತು: ಯಾರ ಬಗ್ಗೆ ಮಾತುಕತೆಯೋ ಅವರನ್ನು ಕೇಳಲೇ ಇಲ್ಲ.

ಕೇಳಿದ್ದು ಆಮೇಲೆ. 1967ರಲ್ಲಿ ಸಿಲೋನು ಒಪ್ಪಂದ ಜಾರಿಗೆ ಕಾನೂನು ಮಾಡಿತು. ಏಳು ಮಂದಿಗೆ ಭಾರತದ ಪೌರತ್ವ ಸಿಕ್ಕರೆ ನಾಲ್ಕು ಮಂದಿಗೆ ಸಿಲೋನಿನದು, ಹೀಗೊಂದು ತಕ್ಕಡಿ. ಆಮೇಲೆ ಅರ್ಜಿ ಕರೆದರು. ಭಾರತಕ್ಕೆ ಬರುವವರ ಕಾಗದ ನೋಡುತ್ತಿದ್ದದ್ದು ಕಂಡಿ ಪೇಟೆಯ ಭಾರತೀಯ ಸಹಾಯಕ ಹೈಕಮಿಷನ್ ಕಚೇರಿ. ಮುದುಕರು ಒಂದು ದಿನದ ಕೂಲಿ ಬಿಟ್ಟು, ತೋಟದ ದೊರೆಯ ಅಪ್ಪಣೆ ಬೇಡಿ, ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದರು. ಮೇಜಿನ ಆಚೆ ಕೂತವರು ಕೇಳಿದ್ದು ಸ್ವಲ್ಪವೇ: ಹೆಸರು, ತಂದೆಯ ಹೆಸರು, ಮಕ್ಕಳೆಷ್ಟು, ಭಾರತದಲ್ಲಿ ಊರು ಯಾವುದು. ತಾವು ಎಂದೂ ಕಾಣದ ಅಜ್ಜನ ಊರಿನ ಹೆಸರನ್ನು ಇವರು ಹೇಳಿದರು. ಅದೇ ಊರು ಆಗಿಹೋಯಿತು. ಅವರ ತಮ್ಮನಾದರೋ ಸಿಲೋನಿನ ಪೌರತ್ವಕ್ಕೆ ಅರ್ಜಿ ಹಾಕಿದ್ದ. ಒಂದೇ ಸಾಲುಮನೆಯಲ್ಲಿ ಗೋಡೆಗೆ ಗೋಡೆ ತಾಗಿಸಿ ಬದುಕಿದವರು ಎರಡು ದೇಶದ ಪ್ರಜೆಗಳಾದರು.

“ನೀವು ಇಷ್ಟಪಟ್ಟೇ ಬಂದದ್ದಾ?” ಬ್ಯಾರಿಗಳು ಕೇಳಿದರು.

ಮುದುಕರು ಬೀಡಿಯ ಬೂದಿ ಕೊಡವಿ ಹೇಳಿದರಂತೆ: “ಕೇಳಿದರು, ಹೌದೆಂದೆ. ಆದರೆ ಸಾಮಿ, ನಮ್ಮನ್ನು ಮೊದಲು ಎಣಿಸಿದ್ದು, ಆಮೇಲೆ ಕೇಳಿದ್ದು.”

ಅಪ್ಪ ಎಷ್ಟೋ ವರ್ಷ ಆ ಮಾತನ್ನು ಗಿರಾಕಿಗಳಿಗೆ ಹೇಳುತ್ತಿದ್ದರು. ಇನ್ನು ಅವರು ಬಂದ ದಾರಿ. ಒಪ್ಪಂದಕ್ಕೆ ಸಹಿ ಬಿದ್ದು ಎರಡು ತಿಂಗಳಾಗುವ ಮೊದಲೇ, 1964ರ ಡಿಸೆಂಬರಿನ ಚಂಡಮಾರುತಕ್ಕೆ, ಸಿಲೋನಿನ ಹಡಗು ನಿಲ್ಲುತ್ತಿದ್ದ ಧನುಷ್ಕೋಟಿ ಪೇಟೆಯೇ ಕೊಚ್ಚಿಹೋಯಿತು. ಹಾಗಾಗಿ ಇವರ ಹಡಗು ತಲೈಮನ್ನಾರಿನಿಂದ ಹೊರಟು ರಾಮೇಶ್ವರಕ್ಕೆ ಬರುತ್ತಿತ್ತು. ಅಲ್ಲಿಂದ ಮಂಡಪಂ ಶಿಬಿರ, ಒಂದು ಕುಟುಂಬ ಕಾರ್ಡು, ಆಮೇಲೆ ಕಳಿಸಿದ ಕಡೆಗೆ ಪ್ರಯಾಣ. ಕೆಲವರ ಪಾಲಿಗೆ ಬಂದದ್ದು ನಮ್ಮ ಜಿಲ್ಲೆ. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರು ಕಡೆಯ ಗುಡ್ಡಗಳಲ್ಲಿ ರಬ್ಬರ್ ಎಬ್ಬಿಸಿ ಇವರಿಗೆ ಕೆಲಸ ಮತ್ತು ಮನೆ ಕೊಟ್ಟಿತು. ರಬ್ಬರ್ ಗಿಡ ಹಾಲು ಕೊಡಲು ಏಳು ವರ್ಷ ಬೇಕು. ಮೊದಮೊದಲು ಬಂದವರು ಗುಂಡಿ ತೋಡಿದರು, ಕಾಡು ಸವರಿದರು, ಗಿಡ ನೆಟ್ಟರು. ಹಾಲು ತೆಗೆಯುವ ಕತ್ತಿ ಕೈಗೆ ಬಂದದ್ದು ಬಹಳ ತಡವಾಗಿ. ಐವರ್ನಾಡು ಕಡೆ ಹೋದವರು ಆ ಸಾಲುಮನೆಗಳನ್ನು ನೋಡಿರುತ್ತೀರಿ. ಸರಕಾರಿ ಕಾಗದದಲ್ಲಿ ಅವರು ನಿರಾಶ್ರಿತರಲ್ಲ, ತಾಯ್ನಾಡಿಗೆ ಮರಳಿದವರು. ಹೀಗೆ ‘ಮರಳಿದವರು’ ಜಾತಿ ಸರ್ಟಿಫಿಕೇಟಿಗಾಗಿ ವರ್ಷಗಟ್ಟಲೆ ಅಲೆದದ್ದು ಸುಳ್ಯದವರಿಗೆಲ್ಲ ಗೊತ್ತಿರುವ ಸಂಗತಿ.

ಮುದುಕರ ಮಾತು ನನಗೆ ಮತ್ತೆ ನೆನಪಾದದ್ದು 1992ರಲ್ಲಿ. ಶ್ರೀಲಂಕಾದ ಯುದ್ಧಕ್ಕೆ ಹೆದರಿ ಓಡಿಬಂದು ತಮಿಳುನಾಡಿನ ಶಿಬಿರಗಳಲ್ಲಿದ್ದವರನ್ನು, ರಾಜೀವ್ ಗಾಂಧಿ ಹತ್ಯೆಯ ಬಳಿಕ, ಆ ವರ್ಷದ ಜನವರಿಯಿಂದ ವಾಪಸು ಕಳಿಸತೊಡಗಿದರು. ಅವರು ಮನಸಾರೆ ಹೋಗುತ್ತಿದ್ದಾರೋ ಇಲ್ಲವೋ ನಾವೇ ಕೇಳುತ್ತೇವೆ ಎಂದಿತು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಹಾಗಾಗಿ ಆ ಕಚೇರಿಯವರನ್ನು ಒಳಬಿಡಬೇಕೆಂಬ ಕಟ್ಟುಪಾಡೂ ಇಲ್ಲ. ಮಾತುಕತೆ ನಡೆದು ಜುಲೈಯಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಅರ್ಧ. ಮದ್ರಾಸಿನಲ್ಲಿ ಕೂತು, ಹೊರಡುವ ಮುನ್ನ ಜನರನ್ನು ತಂದಿರಿಸುವ ಶಿಬಿರದಲ್ಲಿ ಅವರನ್ನು ಮಾತಾಡಿಸಬಹುದು. ಅವರು ವಾಸವಿದ್ದ ಶಿಬಿರಗಳೊಳಗೆ ಮುಕ್ತವಾಗಿ ಹೋಗುವಂತಿಲ್ಲ. ಗಂಟು ಕಟ್ಟಿ ಹೊರಟು ನಿಂತವನಲ್ಲಿ “ಇಷ್ಟ ಉಂಟಾ?” ಎಂದರೆ ಅವನು ಏನು ಹೇಳಿಯಾನು? ಅಷ್ಟಾದರೂ ಕೇಳಿದರು ಎನ್ನುವವರಿದ್ದಾರೆ. ನನಗೆ ಸಮಾಧಾನವಿಲ್ಲ. ಎಲ್ಲಿ ಕೇಳುತ್ತೀರಿ, ಯಾವಾಗ ಕೇಳುತ್ತೀರಿ ಎಂಬುದರಲ್ಲೇ ಉತ್ತರದ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಕಂಡಿಯಲ್ಲಿ ಹೌದೆಂದವರೆಲ್ಲ ಬಂದದ್ದೂ ಇಲ್ಲ. ಯುದ್ಧದಿಂದಾಗಿ 1984ರಲ್ಲಿ ಹಡಗು ನಿಂತಿತು. ಭಾರತದ ಪಾಸ್‌ಪೋರ್ಟು ಕೈಯಲ್ಲಿದ್ದೂ ಎಷ್ಟೋ ಸಾವಿರ ಮಂದಿ ಅಲ್ಲೇ ಉಳಿದರು. 2003ರಲ್ಲಿ ಶ್ರೀಲಂಕಾ ಹೊಸ ಕಾಯಿದೆ ಮಾಡಿ, ಹಾಗೆ ಉಳಿದವರಿಗೂ ಪೌರತ್ವದ ಬಾಗಿಲು ತೆರೆಯಿತು.

ನಮ್ಮ ಹೋಟೆಲಿನ ಮುಂದೆ ನಿಂತಿದ್ದ ಆ ಲಾರಿಗಳು ಬೆಳಗಾದ ಮೇಲೆ ನೀರಿನ ಸುದ್ದಿ ತಿಳಿದುಕೊಂಡು ಹೊರಟವು. ಹಣ ಕೊಡಲು ಬಂದವರಿಂದ ಅಪ್ಪ ಚಹಾದ್ದು ಮಾತ್ರ ತೆಗೆದುಕೊಂಡರು.

ಕಂಡಿ ಕಚೇರಿಯ ಮೇಜಿನ ಮುಂದೆ ನಿಂತ ನೆನಪಿರುವವರು ಈಗ ಎಣಿಕೆಗೆ ಸಿಗುವಷ್ಟೇ ಇರಬಹುದು. ಸುಳ್ಯ, ಪುತ್ತೂರಿನ ಶಾಲೆ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಆ ಕಾಲೊನಿಗಳಿಗೆ ಕಳಿಸಿ. ಅಲ್ಲಿನ ಅಜ್ಜಿಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಲಿ.