ಸುದ್ದಿ ಇಲ್ಲದ ಒಂದು ಭಾನುವಾರ

ಸ್ಕಾಟ್ಲೆಂಡಿನ ಎಡಿನ್‌ಬರೊ ಪಟ್ಟಣಕ್ಕೂ ನಮ್ಮ ಕೊಪ್ಪಳಕ್ಕೂ ಏನು ನಂಟು ಅಂತ ಕೇಳಿದರೆ ಯಾರೂ ಥಟ್ಟನೆ ಹೇಳಲಿಕ್ಕಿಲ್ಲ. ನಾವು ಹೇಳುತ್ತೇವೆ. ಎರಡೂ ಕಡೆ ಊರ ಪಕ್ಕದಲ್ಲೇ ಎದ್ದು ನಿಂತ ಕಲ್ಲುಗುಡ್ಡ, ಗುಡ್ಡದ ಮೇಲೆ ಕೋಟೆ. ಅಲ್ಲಿಯ ಕೋಟೆ ನೋಡಲು ದೇಶದೇಶದ ಜನ ಟಿಕೆಟ್ ತೆಗೆದುಕೊಂಡು ಸಾಲು ನಿಲ್ಲುತ್ತಾರೆ. ಇಲ್ಲಿಯ ಕೋಟೆ ನೋಡಲು ಆ ಭಾನುವಾರ ಹೊರಟವರು ನಾವು ನಾಲ್ವರೇ, ಜೊತೆಗೆ ಒಂದಿಷ್ಟು ಆಡುಗಳು.

ನಾವು ನಾಲ್ವರೂ ಒಂದೇ ಬ್ಯಾಚಿನ ಪತ್ರಿಕೋದ್ಯಮ ಡಿಪ್ಲೊಮಾದವರು. ತಾಲೂಕಿಗೊಬ್ಬರಂತೆ ಹಂಚಿಹೋಗಿದ್ದೇವೆ. ಹೆಸರು ಹಿಡಿದು ಕರೆಯುವ ರೂಢಿ ಎಂದೋ ತಪ್ಪಿದೆ. ಒಬ್ಬ ಕೊಪ್ಪಳ, ಒಬ್ಬ ಗಂಗಾವತಿ, ಒಬ್ಬ ಕುಷ್ಟಗಿ, ಇನ್ನೊಬ್ಬರು ಯಲಬುರ್ಗಾದ ಅಕ್ಕ. ಈ ಪ್ರವಾಸಕ್ಕೆ ಕಾರಣ ಕುಷ್ಟಗಿಯ ಸೋದರಮಾವನ ಮಗ. ಕಂಪನಿ ಕೆಲಸಕ್ಕೆ ಎಡಿನ್‌ಬರೊಗೆ ಹೋದವನು ಕೋಟೆಯದ್ದೇ 64 ಫೋಟೊ ವಾಟ್ಸಾಪಿಗೆ ಕಳಿಸಿದ್ದ. ಕುಷ್ಟಗಿ ಅವನ್ನೆಲ್ಲ ನಮ್ಮ ಗುಂಪಿಗೆ ಹಾಕಿದ. ಅಕ್ಕ ಒಂದೇ ಸಾಲು ಬರೆದರು: "ನಮ್ಮ ಕ್ವಾಟಿ ಏನ್ ಪಾಪ ಮಾಡೇತಿ?"

ಹಾಗೆ ದಿನ ನಿಕ್ಕಿಯಾಯಿತು. ನಿಯಮ ಒಂದೇ: ಅವತ್ತು ನಾವು ಬರೀ ಪ್ರವಾಸಿಗರು. ಯಾರ ಬಾಯಲ್ಲಿ 'ಸುದ್ದಿ' ಎಂಬ ಶಬ್ದ ಬರುತ್ತದೋ ಅವರು 10 ರೂಪಾಯಿ ದಂಡ ಕಟ್ಟಬೇಕು. ಗುಡ್ಡದ ಬುಡದಲ್ಲೇ ಬೋಣಿಗೆಯಾಯಿತು. ಕಚೇರಿಯಿಂದ ಫೋನು ಬಂತು, ಗಂಗಾವತಿ ಎತ್ತಿಕೊಂಡು, "ಇವತ್ತು ಯಾವ್ದೂ ಸುದ್ದಿ ಇಲ್ರೀ ಸರ್" ಅಂದ. ಇಲ್ಲ ಅಂದರೂ ಶಬ್ದ ಶಬ್ದವೇ. ದಂಡ ಕಟ್ಟಿಸಿಕೊಂಡೆವು.

ಕೋಟೆ ಹತ್ತುವುದೆಂದರೆ ಮಾತು ಬಿಡುವುದು. ಮೇಲಿನ ಕೋಟೆ ಬಯಲಿನಿಂದ ಸುಮಾರು 400 ಅಡಿ ಎತ್ತರದಲ್ಲಿದೆ. ಬಂಡೆಯಿಂದ ಬಂಡೆಗೆ ಗೋಡೆ, ಗೋಡೆಯ ನಡುವೆ ಬಾಗಿಲು, ಬಾಗಿಲು ದಾಟಿದರೆ ಮತ್ತೆ ಮೆಟ್ಟಿಲು. ಇದು ಮುಗಿಯಿತು ಅಂದುಕೊಂಡಾಗಲೆಲ್ಲ ಮತ್ತೊಂದು ತಿರುವು. ಕಟ್ಟಿದವರ ಉದ್ದೇಶವೂ ಅದೇ ಇರಬೇಕು: ಹತ್ತಿ ಬಂದ ಶತ್ರು ಕತ್ತಿ ಎತ್ತುವ ಮೊದಲು ನೀರು ಕೇಳಬೇಕು. ನಮ್ಮಲ್ಲಿ ನೀರಿನ ಬಾಟಲಿ ಇದ್ದದ್ದು ಅಕ್ಕನ ಚೀಲದಲ್ಲಿ ಮಾತ್ರ. ಹೀಗಾಗಿ ಕೋಟೆ ಅವರ ವಶವಾಯಿತು.

ಟಿಪ್ಪು ಸುಲ್ತಾನ 1786ರಲ್ಲಿ ಒಬ್ಬ ಪಾಳೆಯಗಾರನಿಂದ ಈ ಕೋಟೆ ಕಸಿದುಕೊಂಡು, ಫ್ರೆಂಚ್ ಇಂಜಿನಿಯರುಗಳಿಂದ ಮತ್ತೆ ಕಟ್ಟಿಸಿದ. 1790ರಲ್ಲಿ ಬ್ರಿಟಿಷರೂ ನಿಜಾಮನ ಸೈನ್ಯವೂ ಕೂಡಿ ಮುತ್ತಿಗೆ ಹಾಕಿದವು. ಕೋಟೆ ಕೈಗೆ ಬರಲು ಆರು ತಿಂಗಳು ಹಿಡಿಯಿತು. ಎಡಿನ್‌ಬರೊದ ನಂಟಿಗೆ ಇಲ್ಲಿ ಇನ್ನೊಂದು ಗಂಟು ಬೀಳುತ್ತದೆ. ಮುಂದೆ ಮುಂಬಯಿಯ ಗವರ್ನರ್ ಆದ ಜಾನ್ ಮಾಲ್ಕಮ್ ಎಂಬ ಸೇನಾಧಿಕಾರಿ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಭಾರತದಲ್ಲಿ ತಾನು ಕಂಡ ಕೋಟೆಗಳಲ್ಲಿ ಇದರಷ್ಟು ಬಲವಾದದ್ದು ಇನ್ನೊಂದಿಲ್ಲ ಎಂಬ ಅರ್ಥದ ಮಾತನ್ನು ಅವನು ಕೊಪ್ಪಳದ ಕೋಟೆಯ ಬಗ್ಗೆ ಆಡಿದ್ದಾನೆ. ಆ ಒಂದು ಮಾತು ಗೆಜೆಟಿಯರ್ ಸೇರಿ, ಅಲ್ಲಿಂದ ಪುಸ್ತಕಗಳಿಗೆ ಬಂದು, ಇವತ್ತಿಗೂ ಕೊಪ್ಪಳದ ಬಗ್ಗೆ ಬರೆಯುವವರೆಲ್ಲರ ಕೈಯಲ್ಲಿ ಓಡಾಡುತ್ತಿದೆ.

"ಸ್ಕಾಟ್ಲೆಂಡಿನಾಂವ ಬಂದು ಹೇಳಬೇಕಾತು ನೋಡ್ರಿ" ಅಂದ ಕುಷ್ಟಗಿ.

"ಅಂವ ಗೆಲ್ಲಾಕ ಬಂದಿದ್ದ, ಅದಕ್ಕ ನೆಟ್ಟಗ ನೋಡಿದ" ಅಂದರು ಅಕ್ಕ.

ಗೆಲ್ಲಲು ಬಂದವರಿಗಿಂತ ಕಳೆದುಕೊಳ್ಳಲು ಬಂದವರ ಕಥೆಯೇ ಅಕ್ಕನಿಗೆ ಇಷ್ಟ. 1858ರಲ್ಲಿ ಮುಂಡರಗಿಯ ಭೀಮರಾಯ ಮತ್ತು ಹಮ್ಮಿಗೆಯ ಕೆಂಚನಗೌಡ ಬ್ರಿಟಿಷರ ಮೇಲೆ ತಿರುಗಿಬಿದ್ದು ಇದೇ ಕೋಟೆಯನ್ನು ವಶಪಡಿಸಿಕೊಂಡರು, ಇಲ್ಲಿಯೇ ಹೋರಾಡಿ ಸತ್ತರು. ಹಿಂದೆ ಆರು ತಿಂಗಳು ಮುತ್ತಿಗೆ ತಡೆದ ಗೋಡೆಗಳು ಆ ಸಲ ಅವರನ್ನು ಉಳಿಸಲಿಲ್ಲ. ಅಕ್ಕ ಇದನ್ನು ಹೇಳುವಾಗ ನಾವು ಯಾರೂ ಫೋಟೊ ತೆಗೆಯಲಿಲ್ಲ.

ಮೇಲೆ ಗಾಳಿ ಚೆನ್ನಾಗಿತ್ತು. ಕೆಳಗೆ ಊರಿನ ಮಾಳಿಗೆಗಳು, ನೀರಿನ ಟಾಕಿಗಳು, ಅದರಾಚೆ ಹೊಲ. ಗಿಣಿಗೇರಿ ದಿಕ್ಕಿಗೆ ತಿರುಗಿದರೆ ಕಾರ್ಖಾನೆಗಳ ಚಿಮಣಿಗಳು. ಹೊಗೆ ಯಾವ ಊರಿನ ಕಡೆ ಬಾಗಿದೆ ಅಂತ ನಾಲ್ವರೂ ನೋಡತೊಡಗಿದೆವು. ಒಬ್ಬನ ಕೈ ಜೇಬಿನ ನೋಟ್‌ಬುಕ್ಕಿಗೆ ಹೋಯಿತು, ಇನ್ನೊಬ್ಬ ಫೋನಿನಲ್ಲಿ ಜೂಮ್ ಮಾಡಿದ. ಯಾರೂ ಆ ಶಬ್ದ ಆಡಲಿಲ್ಲ. ಆದರೂ ಮನಸ್ಸಿನಲ್ಲಿ ಆಡಿದ್ದಕ್ಕೆ ತಲೆಗೆ 10ರಂತೆ 40 ರೂಪಾಯಿ ಅಂತ ಅಕ್ಕ ತೀರ್ಪು ಕೊಟ್ಟರು. ಮೇಲ್ಮನವಿಗೆ ಅವಕಾಶ ಇರಲಿಲ್ಲ.

ಎಡಿನ್‌ಬರೊ ಕೋಟೆಯಿಂದ ದಿನಾ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಫಿರಂಗಿ ಹಾರಿಸುತ್ತಾರೆ. 1861ರಲ್ಲಿ ಶುರುವಾದ ರೂಢಿ ಅದು; ಹಡಗಿನವರು ಗಡಿಯಾರ ಹೊಂದಿಸಿಕೊಳ್ಳಲಿ ಅಂತ. ಭಾನುವಾರ ಮಾತ್ರ ಫಿರಂಗಿಗೂ ರಜೆ. ಸ್ಟ್ರಿಂಗರುಗಳಿಗಿಲ್ಲದ ಭಾಗ್ಯ ಫಿರಂಗಿಗಿದೆ. ನಮ್ಮ ಕೋಟೆಯಲ್ಲಿ ಒಂದು ಗಂಟೆಗೆ ಸದ್ದು ಮಾಡಿದ್ದು ಹೊಟ್ಟೆ. ಇಳಿದು ಒಗ್ಗರಣಿ-ಮಿರ್ಚಿಯ ಅಂಗಡಿ ಸೇರಿದೆವು.

ಅಲ್ಲಿ ಶುರುವಾಯಿತು ತಾಲೂಕುಗಳ ಜಗಳ. "ನಮ್ಮ ಹಿರೇಬೆಣಕಲ್ಲು ನೋಡ್ರಿ" ಅಂದ ಗಂಗಾವತಿ. "ಮೋರ್ಯರ ಗುಡ್ಡದಾಗ ಎರಡೂವರಿ ಸಾವಿರ ವರ್ಷದ ಕಲ್ಲಿನ ಗೋರಿ ಅದಾವು. 2021ರಾಗ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರೇತಿ." ಅಕ್ಕ ಇಟಗಿಯ ಮಹಾದೇವ ದೇವಸ್ಥಾನವನ್ನು ಮುಂದಿಟ್ಟರು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು, ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಅನ್ನುತ್ತದೆ.

"ಯಕ್ಕಾ, ಇಟಗಿ ಈಗ ಕುಕನೂರು ತಾಲೂಕು. ನಿಮ್ಮ ಚಕ್ರವರ್ತಿ ಪಾಲಿನ್ಯಾಗ ಹೋದ" ಅಂದ ಕೊಪ್ಪಳ.

"ಇವರ ಕನಕಗಿರಿ ಉಳಿದೇತೇನ?" ಅಂದರು ಅಕ್ಕ.

ಗಂಗಾವತಿ ಸುಮ್ಮನಾದ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮ ಜಿಲ್ಲೆಗೆ ನಾಲ್ಕೇ ತಾಲೂಕು. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿ ಸೇರಿ ಏಳಾದವು. ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರು ಹಳೆಯ ಮನೆಯ ಕಂಬ ಎಣಿಸಿದಂತೆ ನಮ್ಮ ಲೆಕ್ಕ. ಕುಷ್ಟಗಿಯ ಪಾಲಿಗೆ ಕಬ್ಬರಗಿಯ ಕಪಿಲತೀರ್ಥ ಭದ್ರವಾಗಿದೆ. ಆದರೆ ಜಲಪಾತಕ್ಕೆ ನೀರು ಬರುವುದು ಮಳೆಗಾಲದಲ್ಲಿ ಮಾತ್ರ. "ನಮ್ಮ ಗೌರವಧನ ಇದ್ದಂಗ, ಬಂದಾಗ ಬಂತು" ಅಂತ ಅವನೇ ಹೇಳಿಕೊಂಡ.

ಅಷ್ಟರಲ್ಲಿ ಎರಡನೇ ಸುತ್ತಿನ ಮಿರ್ಚಿ ಬಂತು, ಹಳೆಯ ಪೇಪರಿನಲ್ಲಿ ಸುತ್ತಿಕೊಂಡು. ಕುಷ್ಟಗಿ ಎಣ್ಣೆ ಹೀರಿದ ಹಾಳೆ ಬಿಡಿಸಿ ನೋಡಿ, "ಇದು ನಾ ಕಳಿಸಿದ ಸುದ್ದಿ!" ಅಂತ ಕೂಗಿದ. ನಾಲ್ಕು ಸಾಲಿನ ಬೈಕ್ ಅಪಘಾತ. ಸತ್ತವನ ಹೆಸರಿನ ಮೇಲೆ ಎಣ್ಣೆಯ ಕಲೆ ಹರಡಿತ್ತು. ದಂಡದ 10 ರೂಪಾಯಿಯನ್ನು ಅವನು ಮಾತಿಲ್ಲದೆ ಇಟ್ಟ.

ನಗು ಅಲ್ಲಿಗೆ ಸ್ವಲ್ಪ ನಿಂತಿತು. ನಮ್ಮ ಜಿಲ್ಲೆ ಹೊರಗಿನವರಿಗೆ ಗೊತ್ತಾಗುವುದು ಈ ನಾಲ್ಕು ಸಾಲುಗಳಿಂದ: ಅಪಘಾತ, ಬರ, ಗುಳೆ, ಮುಷ್ಕರ. ಅವೆಲ್ಲ ನಿಜ, ಬರೆಯಲೇಬೇಕು. ಆದರೆ ಕವಿರಾಜಮಾರ್ಗ 9ನೇ ಶತಮಾನದಲ್ಲಿ ತಿರುಳುಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದದ ಜೊತೆಗೆ ಎತ್ತಿ ಹೇಳಿದ ಕೊಪಣ ಇದೇ ಊರು ಎಂಬುದೂ ಅಷ್ಟೇ ನಿಜ. ಒಂದು ನಿಜ ಮಾತ್ರ ದಿನಾ ಅಚ್ಚಾಗಿ ಇನ್ನೊಂದು ಅಚ್ಚಾಗದಿದ್ದರೆ, ಇಲ್ಲಿಯ ಶಾಲೆ ಹುಡುಗರೂ ತಮ್ಮ ಊರನ್ನು ಮೊದಲನೆಯದರಿಂದಲೇ ಗುರುತಿಸುತ್ತಾರೆ. ಹಿಂದುಳಿದ ಜಿಲ್ಲೆಯವರು ಅಂತ ತಮ್ಮನ್ನು ತಾವೇ ಪರಿಚಯಿಸಿಕೊಳ್ಳುವ ಹುಡುಗರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಬಿಸಿಲು ಇಳಿದ ಮೇಲೆ ಗವಿಮಠಕ್ಕೆ ಹೋದೆವು. ಜನವರಿಯ ಜಾತ್ರೆಯಲ್ಲಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಳ್ಳಿಹಳ್ಳಿಯಿಂದ ದಾಸೋಹಕ್ಕೆ ರೊಟ್ಟಿ ಬರುತ್ತದೆ. ಅವತ್ತು ಶಾಂತವಾಗಿತ್ತು. ಗವಿಸಿದ್ಧೇಶ್ವರನಿಗೆ ಕೈಮುಗಿದು ಗುಡ್ಡ ಹತ್ತಿದರೆ, ಕೊಡೆಯಂತೆ ಚಾಚಿದ ಬಂಡೆಯ ಕೆಳಗೆ ಅಶೋಕನ ಶಾಸನ. ಹತ್ತಿರದ ಇನ್ನೊಂದು ಗುಡ್ಡ ಪಾಲ್ಕಿಗುಂಡು, ಹೆಸರೇ ಹೇಳುವಂತೆ ಪಲ್ಲಕ್ಕಿಯ ಹಾಗೆ ಬಂಡೆಯ ಮೇಲೆ ಬಂಡೆ. ಅಲ್ಲಿಯೂ ಅದೇ ಶಾಸನದ ಇನ್ನೊಂದು ಪ್ರತಿ ಇದೆ, ಬಹಳ ಸವೆದಿದೆ. ಎರಡೂ ವಿದ್ವಾಂಸರ ಗಮನಕ್ಕೆ ಬಂದದ್ದು 1931ರಲ್ಲಿ. ಕೊಪ್ಪಳ ಆಗ ನಿಜಾಮರ ಸೀಮೆ.

ಪಾಲ್ಕಿಗುಂಡಿನ ಹತ್ತಿರ ಆಡು ಕಾಯುವ ಅಜ್ಜ ಒಬ್ಬರು ಕೂತಿದ್ದರು. "ಏನೋ ಬರದೈತಂತ. ನಮಗ ಓದಾಕ ಬರಂಗಿಲ್ಲ" ಅಂದರು.

"ನಮಗೂ ಬರಂಗಿಲ್ಲ ಬಿಡಜ್ಜ" ಅಂದೆವು. ಬ್ರಾಹ್ಮಿ ಲಿಪಿಯ ಮುಂದೆ ಡಿಪ್ಲೊಮಾದವರೂ ಆಡು ಕಾಯುವವರೂ ಒಂದೇ ಸಾಲು.

ಅರ್ಥ ಮಾತ್ರ ಅಕ್ಕನಿಗೆ ಗೊತ್ತಿತ್ತು. ಎರಡೂವರೆ ವರ್ಷ ತಾನು ಉಪಾಸಕನಾಗಿದ್ದರೂ ಹೆಚ್ಚು ಶ್ರಮಪಡಲಿಲ್ಲ ಅಂತ ರಾಜ ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ಹೇಳುತ್ತಾನೆ: ಇದರ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತದೆ, ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ. ಅಕ್ಕ ಇದನ್ನು ನಮ್ಮ ಮಾತಿನಲ್ಲಿ ಹೇಳಿದರು. ಅಜ್ಜ ಕೇಳಿಸಿಕೊಂಡು, "ಇದನ್ನ ನಮ್ಮವ್ವ ದಿನಾ ಹೇಳತಿದ್ಲು. ಕಲ್ಲು ಯಾಕ ಕೆತ್ತಬೇಕಿತ್ತು?" ಅಂದರು.

ನಮಗೆ ನಗು ತಡೆಯಲಾಗಲಿಲ್ಲ. ಆದರೆ ಅಜ್ಜನ ಪ್ರಶ್ನೆಗೆ ಉತ್ತರ ಇದೆ. ಕೆತ್ತಿದರಷ್ಟೇ ಸಾಲದು ಅಂತ ಅಶೋಕನವರಿಗೂ ಗೊತ್ತಿತ್ತು. ಆಂಧ್ರದ ಎರ್ರಗುಡಿಯ ಶಾಸನದಲ್ಲಿ ಜನರಿಗೆ ಭೇರಿ ಬಾರಿಸಿ ತಿಳಿಸಬೇಕೆಂಬ ಆಜ್ಞೆ ಇದೆ. ಅಂದರೆ ರಾಜನಿಂದ ಅಧಿಕಾರಿಗೆ, ಅಧಿಕಾರಿಯಿಂದ ಇನ್ನೊಬ್ಬನಿಗೆ, ಕೊನೆಗೆ ಊರಿನಲ್ಲಿ ಡಂಗುರ ಹೊಡೆದು ಬಾಯಿಬಿಟ್ಟು ಹೇಳುವ ಒಬ್ಬ. ಆ ಕೊನೆಯವನಿಗೆ ಪಗಾರ ಎಷ್ಟಿತ್ತೋ, ಸರಿಯಾಗಿ ಬರುತ್ತಿತ್ತೋ ಇಲ್ಲವೋ ಅಂತ ನಾವು ಬಹಳ ಹೊತ್ತು ಚರ್ಚಿಸಿದೆವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಮಾತು ಕೆತ್ತಿಸಿದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ. ಕನ್ನಡ ನೆಲದ ಮೊದಲ ಬೈಲೈನ್ ಅದೇ ಇರಬೇಕು ಅಂದ ಗಂಗಾವತಿ. ಅವನ ದನಿಯಲ್ಲಿ ಹೊಟ್ಟೆಕಿಚ್ಚು ಇತ್ತು.

"ಸುದ್ದಿ ಅಂದ್ರ ಇದು ನೋಡ್ರಿ" ಅಂದರು ಅಕ್ಕ, ಸವೆದ ಅಕ್ಷರಗಳನ್ನು ನೋಡುತ್ತಾ. ಅಂದ ಮೇಲೆ ತಾವೇ 10 ರೂಪಾಯಿ ತೆಗೆದುಕೊಟ್ಟರು.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುವುದು ನಮ್ಮ ಕಡೆಯ ಮಾತು. ಕೊಪ್ಪಳಕ್ಕೆ ಎರಡೂ ಬೇಕು, ಜೊತೆಗೆ ಒಂದು ನೀರಿನ ಬಾಟಲಿ. ಬೆಳಿಗ್ಗೆ ಎಂಟರೊಳಗೆ ಕೋಟೆ ಹತ್ತಿದರೆ ಬಿಸಿಲು ತಪ್ಪುತ್ತದೆ, ಚಪ್ಪಲಿಗಿಂತ ಬೂಟು ವಾಸಿ, ಮಿರ್ಚಿ ಇಳಿದ ಮೇಲೆ ತಿನ್ನುವುದು ಉತ್ತಮ. ಕುಷ್ಟಗಿಯ ಸೋದರಮಾವನ ಮಗನಿಗೆ 65 ಫೋಟೊ ಕಳಿಸಿದ್ದೇವೆ, ಅವನಿಗಿಂತ ಒಂದು ಹೆಚ್ಚು.

ದಂಡದ ಲೆಕ್ಕ 70 ರೂಪಾಯಿ ಆಗಿದೆ. ಅದು ಮುಂದಿನ ಪ್ರವಾಸದ ಚಹಾಕ್ಕೆ. ಮಳೆ ಬಿದ್ದ ಮೇಲೆ ಕಪಿಲತೀರ್ಥ, ಆಮೇಲೆ ಇಟಗಿ, ಹಿರೇಬೆಣಕಲ್ಲು. ಅಪಘಾತದ ನಾಲ್ಕು ಸಾಲನ್ನು ನಾಳೆಯೂ ಕಳಿಸುತ್ತೇವೆ, ಅದು ನಮ್ಮ ಕೆಲಸ. ಆದರೆ ತಿಂಗಳಿಗೊಮ್ಮೆ ಇಲ್ಲಿ, ಇಂಥದ್ದೊಂದು ಬರಹ ಹಾಕುತ್ತೇವೆ. ಮಾಲ್ಕಮ್ ಬಂದು ಹೇಳಿಹೋದ ಆ ಒಂದೇ ಮಾತನ್ನು ನಂಬಿ ಎಷ್ಟು ದಿನ ಅಂತ ಕೂಡುವುದು?