ತಪಸ್ಸಲ್ಲ, ತಾಪಸ್!

‘ಬಾರ್’ ಎಂಬ ಫಲಕ ಕಂಡರೆ ಮಕ್ಕಳ ಕೈ ಹಿಡಿದು ರಸ್ತೆಯ ಆಚೆ ಬದಿಗೆ ದಾಟುವವರು ನಾವು. ಸ್ಪೇನಿನ ಸೆವಿಲ್ ನಗರದಲ್ಲಿ ಅದೇ ಫಲಕದ ಕೆಳಗೆ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಒಳಗೆ ಹೋಗುತ್ತಾರೆ. ಮಗಳು ಸಂಶೋಧನೆಗೆಂದು ಆ ಊರಿನಲ್ಲಿದ್ದುದರಿಂದ ಒಂದು ಮೇ ತಿಂಗಳ ರಜೆಯಲ್ಲಿ ನಾವಿಬ್ಬರೂ ಹತ್ತು ದಿನ ಅಲ್ಲಿದ್ದೆವು. “ಅಪ್ಪಾ, ರಾತ್ರಿ ಊಟಕ್ಕೆ ಬಾರಿಗೆ ಹೋಗೋಣ” ಎಂದು ಅವಳು ಅಂದಾಗ ನನ್ನಾಕೆ ಮಗಳ ಮುಖವನ್ನೇ ನೋಡಿದಳು.

ನಾವು ಹೋದದ್ದು ಗ್ವಾದಲ್ಕಿವಿರ್ ನದಿಯ ಆಚೆ ದಡದಲ್ಲಿರುವ ಟ್ರಿಯಾನಾ ಎಂಬ ಹಳೆಯ ಕುಂಬಾರರ ಕೇರಿಗೆ. (ನದಿಗೆ ಅರಬ್ಬರು ಇಟ್ಟ ಹೆಸರು ‘ಅಲ್ ವಾದಿ ಅಲ್ ಕಬೀರ್’, ಅಂದರೆ ದೊಡ್ಡ ನದಿ. ನಮ್ಮ ಕಬೀರದಾಸರ ಹೆಸರಿನಲ್ಲಿರುವುದೂ ಇದೇ ‘ಕಬೀರ್’.) ಶಾಲೆಯ ಕೊಠಡಿಯ ಅರ್ಧದಷ್ಟು ಜಾಗ. ಗೋಡೆಗೆ ಬಣ್ಣದ ಪಿಂಗಾಣಿ ಬಿಲ್ಲೆಗಳು. ಸೂರಿನಿಂದ ಉಪ್ಪು ಹಚ್ಚಿ ಒಣಗಿಸಿದ ಹಂದಿಯ ತೊಡೆಗಳು ತೂಗುತ್ತಿದ್ದವು. ಜಿಡ್ಡು ತೊಟ್ಟಿಕ್ಕದಂತೆ ಒಂದೊಂದರ ತುದಿಗೂ ಮಗುಚಿದ ಕೊಡೆಯಂಥ ಪುಟ್ಟ ಬಟ್ಟಲು. ನನ್ನಾಕೆ ಮೇಲೆ ನೋಡುವುದನ್ನು ಬಿಟ್ಟಳು. 2011ರಿಂದ ಅಲ್ಲಿನ ಬಾರುಗಳ ಒಳಗೆ ಧೂಮಪಾನ ನಿಷೇಧವಿರುವುದರಿಂದ ಹೊಗೆಯ ಕಾಟವಿರಲಿಲ್ಲ.

‘ತಾಪಾ’ ಎಂದರೆ ಮುಚ್ಚಳ. ನೊಣ ಬೀಳದಂತೆ ಲೋಟದ ಮೇಲಿಡುತ್ತಿದ್ದ ರೊಟ್ಟಿಯ ಚೂರೇ ಕ್ರಮೇಣ ತಿಂಡಿಯಾಯಿತೆಂದು ಹೇಳುತ್ತಾರೆ. ಕಥೆ ಚೆನ್ನಾಗಿದೆ, ಪುರಾವೆ ಸಾಲದು. ಈಗ ಅಂಗೈಯಗಲದ ತಟ್ಟೆಯಲ್ಲಿ ಬರುವ ಯಾವ ತಿನಿಸಾದರೂ ತಾಪಾ. ನಾಲ್ಕು ಬಗೆ ತರಿಸಿ ಎಲ್ಲರೂ ಹಂಚಿಕೊಂಡು, ಬಹುಮಟ್ಟಿಗೆ ನಿಂತೇ ತಿನ್ನುತ್ತಾರೆ. ಹಿರಿಯರ ಕೈಯಲ್ಲಿ ‘ಫಿನೋ’ ಎಂಬ ದ್ರಾಕ್ಷಾರಸದ ಪುಟ್ಟ ಲೋಟ. ಅದರಲ್ಲಿ ಶೇಕಡಾ 15ರಷ್ಟು ಮದ್ಯಸಾರ. ಹೊಟ್ಟೆಯಲ್ಲಿ ಆಹಾರವಿದ್ದರೆ ಅದು ಸಣ್ಣ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಅಷ್ಟೆ, ಕುಡಿದದ್ದು ಕುಡಿದದ್ದೇ. ಹದಿನೆಂಟು ತುಂಬದವರಿಗೆ ಮದ್ಯ ಕೊಡುವಂತಿಲ್ಲ. ನಾನು ಸೋಡಾ ಕೇಳಿದೆ. ಯಾರೂ ಹುಬ್ಬೇರಿಸಲಿಲ್ಲ.

ಸಸ್ಯಾಹಾರಿಗಳಿಗೊಂದು ಎಚ್ಚರಿಕೆ: ‘ಮಾಂಸ ಬೇಡ’ ಎಂದರೆ ಸಾಲದು. ಹಾಮೋನ್ ಬೇಡ, ಟ್ಯೂನಾ ಮೀನು ಬೇಡ ಎಂದು ಬಿಡಿಸಿ ಹೇಳಬೇಕು. ಹಾಗೆ ಹೇಳಿ ತರಿಸಿದ್ದು ಪಾಲಕ್ ಮತ್ತು ಕಾಬೂಲಿ ಕಡಲೆಯ ಪಲ್ಯ, ಸೆವಿಲ್‌ನ ಹೆಸರುವಾಸಿ ತಾಪಾ. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ, ಮತ್ತೆ ಜೀರಿಗೆ! “ಏನ್ರೀ, ಇವರೂ ಜೀರಿಗೆ ಹಾಕ್ತಾರಾ?” ಎಂದಳು ನನ್ನಾಕೆ, ಅಂದು ಮೊದಲ ಬಾರಿ ನಕ್ಕು. 712ರಿಂದ 1248ರವರೆಗೆ ಈ ಊರು ಮುಸ್ಲಿಂ ಅರಸರ ಆಳ್ವಿಕೆಯಲ್ಲಿತ್ತು. ಅರಸರು ಹೋದರು, ಜೀರಿಗೆ ಉಳಿಯಿತು. ಮೆಣಸಿನಕಾಯಿ ಬಂದದ್ದು ಅಮೆರಿಕದಿಂದ, ಕೊಲಂಬಸನ ನಂತರ. ನಮಗೆ ಅದನ್ನು ತಂದವರು ಪೋರ್ಚುಗೀಸರು.

ಲೆಕ್ಕ ಬರೆಯುವ ರೀತಿ ನನಗೆ ಬಲು ಹಿಡಿಸಿತು. ಪರಿಚಾರಕ ಕಿವಿಯ ಹಿಂದಿನಿಂದ ಸೀಮೆಸುಣ್ಣ ತೆಗೆದು, ನಮ್ಮೆದುರಿನ ಮರದ ಕಟ್ಟೆಯ ಮೇಲೇ ಒಂದೊಂದು ತಟ್ಟೆಯ ಬೆಲೆ ಗೀಚುತ್ತಾನೆ. ತಿಂದು ಮುಗಿದ ಮೇಲೆ ಬಾಯಲ್ಲೇ ಕೂಡಿ, ಹಣ ಪಡೆದು, ಒದ್ದೆ ಬಟ್ಟೆಯಿಂದ ಒರೆಸುತ್ತಾನೆ. ಎಲ್ಲ ಕಡೆ ಈಗ ಈ ಪದ್ಧತಿಯಿಲ್ಲ, ಯಂತ್ರಗಳು ಬಂದಿವೆ. 1670ರಷ್ಟು ಹಳೆಯದೆನ್ನುವ ‘ಎಲ್ ರಿಂಕೊನ್ಸಿಯೊ’ ಬಾರಿನಲ್ಲಿ ಇಂದಿಗೂ ಇದೆ.

ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಹೊರಗೆ ಇನ್ನೂ ಬಿಸಿಲು. ಊಟಕ್ಕೆ ಜನ ಸೇರತೊಡಗಿದ್ದು ಆಮೇಲೆಯೇ. ಇದಕ್ಕೆ ಸೋಮಾರಿತನ ಕಾರಣವಲ್ಲ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಸೆವಿಲ್ ಇರುವುದು ಗ್ರೀನಿಚ್‌ಗೆ ಸುಮಾರು 6 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಅಲ್ಲಿಗೆ 24 ನಿಮಿಷ ತಡ. ಗಡಿಯಾರವೋ ಬೇಸಿಗೆಯಲ್ಲಿ ಗ್ರೀನಿಚ್‌ಗಿಂತ 2 ಗಂಟೆ ಮುಂದೆ. 1940ರ ಮಾರ್ಚ್‌ನಲ್ಲಿ ಫ್ರಾಂಕೋ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು, ಮತ್ತೆ ಹಿಂದಕ್ಕೆ ತರಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ಹಾಗಾಗಿ ರಾತ್ರಿ ಹತ್ತರ ಊಟವೆಂದರೆ ಸೂರ್ಯನ ಲೆಕ್ಕದಲ್ಲಿ 7 ಗಂಟೆ 36 ನಿಮಿಷ. ನಮ್ಮ ಅಜ್ಜಂದಿರು ಉಣ್ಣುತ್ತಿದ್ದ ಹೊತ್ತೇ!

ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾರೆ. ಪಕ್ಕದಲ್ಲಿ ಎಂಟು ಹತ್ತು ವರ್ಷದ ಹುಡುಗನೊಬ್ಬ ಎತ್ತರದ ಸ್ಟೂಲಿನ ಮೇಲೆ ಕುಳಿತು ಆಲೂಗೆಡ್ಡೆ ಆಮ್ಲೆಟ್ ತಿನ್ನುತ್ತಿದ್ದ. ಹತ್ತೂವರೆಯಾದರೂ ಹೊರಡುವ ಸೂಚನೆಯಿಲ್ಲ. ಅವನ ಶಾಲೆ ಬೆಳಿಗ್ಗೆ ಒಂಬತ್ತಕ್ಕೆ. ಅಂದರೆ ಸೂರ್ಯನ ಲೆಕ್ಕದಲ್ಲಿ 6 ಗಂಟೆ 36 ನಿಮಿಷ. ಊಟ ಸೂರ್ಯನ ಹೊತ್ತಿಗೆ, ಶಾಲೆ ಗಡಿಯಾರದ ಹೊತ್ತಿಗೆ. ನಡುವೆ ಸವೆಯುವುದು ಮಗುವಿನ ನಿದ್ದೆ. ಗ್ರೀನಿಚ್ ಸಮಯಕ್ಕೆ ಮರಳುವುದು ಒಳ್ಳೆಯದೆಂದು 2013ರಲ್ಲಿ ಸ್ಪೇನಿನ ಸಂಸತ್ತಿನ ಸಮಿತಿಯೊಂದು ಹೇಳಿದ್ದರೂ ಇನ್ನೂ ಬದಲಾಗಿಲ್ಲ. ಮಗಳ ಮೂಲಕ ಆ ಹುಡುಗನ ತಾಯಿಯನ್ನು ಕೇಳಿದೆ. “ಮಲಗಿಸುವುದೇನೂ ಕಷ್ಟವಿಲ್ಲ, ಎಬ್ಬಿಸುವಾಗ ಬಂದು ನೋಡಿ” ಎಂದು ನಕ್ಕು, ಇನ್ನೊಂದು ತಟ್ಟೆ ಪಾಲಕ್ ಹೇಳಿದಳು.