ಗಾಡಿಗೆ ಯಾವ ಸೆಲ್ಲು?

ಅಂತರಘಟ್ಟೆ ಮಕ್ಕಳಿಗೆ ಗಾಡಿ ಹುಚ್ಚು ಹೊಸದೇನಲ್ಲ. ಅಮ್ಮನ ಜಾತ್ರೆಗೆ ಊರೂರಿಂದ ಪಾನಕದ ಗಾಡಿ ಓಡಿ ಬರೋದನ್ನ ನೋಡ್ಕೊಂಡೇ ಬೆಳೆಯೋವು. ನಮ್ಮ ಕಾಲದ ಹುಡುಗ್ರು ಜೋಳದ ದಂಟಲ್ಲಿ ಗಾಡಿ ಮಾಡ್ತಿದ್ರು. ಎಂಟನೇ ಕ್ಲಾಸಿನ ನನ್ನ ಮಗ ರಿಮೋಟಲ್ಲಿ ಓಡೋ ಗಾಡಿ ಮಾಡಿದಾನೆ. ಒಂದು ಹಲಗೆ ತುಂಡು, ನಾಲ್ಕು ಹಳದಿ ಗೇರ್ ಮೋಟರು, ನಾಲ್ಕು ಚಕ್ರ, ಮೇಲೊಂದು ಕೆಂಪು ಬೋರ್ಡು. ಅತ್ತೆಗೆ ಮಂಡಿನೋವು ನೋಡಿ, ಅಡುಗೆಮನೆಯಿಂದ ಜಗಲಿಗೆ ಎಲೆಅಡಿಕೆ ತಟ್ಟೆ, ಮಾತ್ರೆ, ಒಂದು ಲೋಟ ನೀರು ಇದರಲ್ಲೇ ಕಳಿಸ್ಬೇಕಂತೆ.

ಗಾಡಿ ಕಟ್ಟೋಕೆ ಎರಡು ಭಾನುವಾರ ಸಾಕಾಯ್ತು. ಬ್ಯಾಟರಿ ಯಾವುದು ಅನ್ನೋದಕ್ಕೆ ಮಾತ್ರ ಹದಿನೈದು ದಿನ ಮನೇಲಿ ಪಂಚಾಯ್ತಿ.

ಮೊದಲು ತಂದಿದ್ದು 9 ವೋಲ್ಟಿನ ಚೌಕದ ಬ್ಯಾಟರಿ. ಮಕ್ಕಳೆಲ್ಲ ಅದನ್ನೇ ತರ್ತಾವೆ, ನಂಬರ್ ದೊಡ್ಡದಲ್ವಾ! ಗಾಡಿ ಗೇಣುದ್ದ ಹೋಯ್ತು, ನಿಂತ್ಕೊಳ್ತು. ಬೋರ್ಡಿನ ದೀಪ ಆರಿ ಮತ್ತೆ ಹತ್ಕೊಳ್ತು. ಮಗ ವೈರೆಲ್ಲ ಬಿಚ್ಚಿ ಕಟ್ಟಿದ. ವೈರಲ್ಲಿ ಏನೂ ತಪ್ಪಿರಲಿಲ್ಲ. ವೋಲ್ಟ್ ಅನ್ನೋದು ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನೋ ಲೆಕ್ಕ ಅಷ್ಟೇ. ಟ್ಯಾಂಕ್ ಎತ್ತರದಲ್ಲಿದ್ರೂ ಪೈಪು ಸಣ್ಣದಿದ್ರೆ ಬಿಂದಿಗೆ ತುಂಬುತ್ತಾ? 9 ವೋಲ್ಟಿನದು ಹಾಗೆ, ಅದರೊಳಗಿಂದ ಕರೆಂಟು ಒಂದೇ ಸಲಕ್ಕೆ ಜಾಸ್ತಿ ಬರಲ್ಲ. ಮೋಟರು ಹೊರಡುವಾಗ ಓಡೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಳೆಯುತ್ತೆ, ನಮ್ಮ ತೋಟದ ಮೋಟರ್ ಸ್ಟಾರ್ಟ್ ಆಗುವಾಗ ಮನೆ ಬಲ್ಬು ಮಂಕಾಗಲ್ವಾ, ಹಂಗೆ. ನಾಲ್ಕು ಮೋಟರು ಒಟ್ಟಿಗೆ ಎಳೆದ್ರೆ ಆ ಪುಟ್ಟ ಡಬ್ಬಿ ಏನು ಮಾಡೀತು. ಅದು ಗಡಿಯಾರಕ್ಕೋ ಅಲಾರಮ್ಮಿಗೋ ಸರಿ.

ಔಷಧಿ ಹೊಡೆಯೋ ಪಂಪಿನ 12 ವೋಲ್ಟಿನ ಬ್ಯಾಟರಿ ಹಾಕು ಅಂದ್ರು ನಮ್ಮನೆಯವರು. ಕರೆಂಟೇನೋ ಧಾರಾಳ. ಆದ್ರೆ ಎರಡು ಕೇಜಿ ಮೇಲೆ ತೂಗುತ್ತೆ. ಹಲಗೆ ಬಗ್ಗಿ ಚಕ್ರ ಕಾಲು ಚಾಚ್ಕೊಂಡ್ವು. ಅಲ್ಲಿಗೆ ಅದೂ ಮುಗೀತು.

ಆಮೇಲೆ ಬಂತು ನೋಡಿ ನಿಜವಾದ ಜಗಳ. ಯಾರದೋ ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಅದರೊಳಗಿನ ಲಿಥಿಯಂ ಸೆಲ್ಲು ಎರಡು ತರ್ತೀನಿ ಅಂದ. ಒಂದೊಂದು 3.7 ವೋಲ್ಟು, ಎರಡು ಸೇರಿದ್ರೆ 7.4, ಹಗುರ, ಕರೆಂಟೂ ಜೋರು. ಲೆಕ್ಕ ಸರಿಯಾಗೇ ಇತ್ತು. ಅಪ್ಪನೂ ಅವನ ಕಡೆ ಸೇರ್ಕೊಂಡ್ರು. ‘ಅಮ್ಮ, 2019ರಲ್ಲಿ ಇದಕ್ಕೆ ನೊಬೆಲ್ ಕೊಟ್ಟಿದಾರೆ’ ಅಂತ ಬೇರೆ. ನೊಬೆಲ್ ಬಂದಿರೋದು ಬ್ಯಾಟರಿಗೆ ಮಗಾ, ನೀನು ಜೋಡಿಸೋದಕ್ಕಲ್ಲ ಅಂದೆ.

ಲಿಥಿಯಂ ಕೆಟ್ಟದ್ದು ಅಂತಲ್ಲ, ನಮ್ಮೆಲ್ಲರ ಮೊಬೈಲಲ್ಲೂ ಅದೇ ಇರೋದು. ಆದ್ರೆ ಮೊಬೈಲೊಳಗೆ ಅದನ್ನ ಕಾಯೋ ಬೋರ್ಡು ಇರುತ್ತೆ. ಒಂದು ಸೆಲ್ಲು 4.2 ವೋಲ್ಟ್ ದಾಟಿ ಚಾರ್ಜ್ ಆಗ್ಬಾರದು, ತೀರಾ ಖಾಲಿನೂ ಆಗ್ಬಾರದು. ದಾಟಿದ್ರೆ ಊದ್ಕೊಳ್ಳುತ್ತೆ, ಬಿಸಿಯಾಗುತ್ತೆ, ಒಮ್ಮೊಮ್ಮೆ ಬೆಂಕಿನೂ ಹತ್ತುತ್ತೆ. ಎಷ್ಟು ವರ್ಷ ದುಡಿದಿದ್ಯೋ ಗೊತ್ತಿಲ್ಲದ ಸೆಲ್ಲನ್ನ ನೇರವಾಗಿ ಬೆಸುಗೆ ಹಾಕಿ ರಾತ್ರಿಯೆಲ್ಲಾ ಚಾರ್ಜಿಗಿಟ್ರೆ? ನಮ್ಮ ಪ್ಲಗ್ಗು ಇರೋದು ನಡುಮನೇಲಿ. ಮೇಲೆ ಅಟ್ಟದ ತುಂಬಾ ಒಣಗಿದ ಅಡಿಕೆ ಚೀಲ. ಕೆಳಗೆ ಮಲಗೋರು ಅತ್ತೆ, ಎದ್ದು ಓಡೋಕಾಗಲ್ಲ. ಅವರಿಗೋಸ್ಕರ ಮಾಡಿದ ಗಾಡಿ ಅವರ ತಲೆದೆಸೇಲೇ ಹೊತ್ಕೊಂಡು ಉರಿಬೇಕಾ? ಇಷ್ಟು ಹೇಳಿದ್ಮೇಲೆ ಅಪ್ಪ ಮಗ ಇಬ್ರೂ ಸುಮ್ಮನಾದ್ರು. ಮಗ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಆಡದೇ ಇರ್ಲಿ.

ಕೊನೆಗೆ ತಂದಿದ್ದು ಚಾರ್ಜ್ ಮಾಡೋ ಪೆನ್ಸಿಲ್ ಸೆಲ್ಲು, ನಿಕಲ್ ಮೆಟಲ್ ಹೈಡ್ರೈಡ್ ಅಂತಾರೆ. ಮಾಮೂಲಿ ಪೆನ್ಸಿಲ್ ಸೆಲ್ಲು 1.5 ವೋಲ್ಟು, ಇದು 1.2. ನಾಲ್ಕು ಹಾಕಿದಾಗ 4.8 ಆಯ್ತು, ಗಾಡಿ ಬಸುರಿ ಹಸು ನಡೆದಂಗೆ ನಡೀತು. ಯಾಕಪ್ಪಾ ಅಂದ್ರೆ ಆ ಕೆಂಪು ಬೋರ್ಡೇ ಮಧ್ಯದಲ್ಲಿ ಹತ್ತಿರತ್ತಿರ 2 ವೋಲ್ಟು ತಿಂದ್ಹಾಕುತ್ತೆ. ದಲ್ಲಾಳಿ ಕಮಿಷನ್ ಇದ್ದಂಗೆ. ಆರು ಹಾಕಿದ್ವಿ, 7.2. ಅವನ ಪಾಲು ಹೋಗಿ ಮೋಟರಿಗೆ ಐದು ಸಿಕ್ತು. ಆರೂ ಸೇರಿ ಇನ್ನೂರು ಗ್ರಾಂ ಒಳಗೆ. ಚಾರ್ಜರ್ ಸೇರಿ ಸಾವಿರದ ಮೇಲೆ ಖರ್ಚಾಯ್ತು ನಿಜ. ಆದ್ರೆ ನೂರಾರು ಸಲ ಚಾರ್ಜ್ ಮಾಡ್ಬಹುದು. ಒಂದೊಂದರಲ್ಲೂ 2000 ಎಂ.ಎ.ಎಚ್. ಸಾಲಾಗಿ ಜೋಡಿಸಿದ್ರೆ ವೋಲ್ಟ್ ಕೂಡುತ್ತೆ, ಈ 2000 ಕೂಡಲ್ಲ, ಇದನ್ನ ನನಗೆ ಮಗನೇ ಹೇಳ್ಕೊಟ್ಟ. ಎಷ್ಟು ಹೊತ್ತು ಓಡುತ್ತೆ ಅನ್ನೋದು ಇದರ ಮೇಲೇ. ಎಲೆಅಡಿಕೆ ಸಾಗಿಸೋಕೆ ಅದು ದಿನಗಟ್ಟಲೆ ಬರುತ್ತೆ.

ನಿಮ್ಮನೆ ಮಕ್ಕಳೂ ಕೇಳ್ತಾರೆ, ಅದಕ್ಕೆ ಇದೊಂದು ಹೇಳ್ಬಿಡ್ತೀನಿ. ಹಳೇ ಸೆಲ್ಲು ಹೊಸ ಸೆಲ್ಲು ಬೆರೆಸಿ ಹಾಕ್ಬೇಡಿ. ಮುದಿ ಎತ್ತಿನ ಜೊತೆ ಎಳೇ ಹೋರಿ ನೊಗಕ್ಕೆ ಕಟ್ಟಿದಂಗೆ, ಹೋರಿ ಎಳೀತಿದ್ರೆ ಮುದಿ ಎತ್ತು ಬಿದ್ದೇ ಹೋಗುತ್ತೆ. ಖಾಲಿಯಾದ ಸೆಲ್ಲಿಗೆ ಉಳಿದವು ಉಲ್ಟಾ ಕರೆಂಟು ನುಗ್ಗಿಸ್ತಾವೆ, ಅದು ಹಾಳಾಗಿ ಸೋರುತ್ತೆ. ಆರಕ್ಕೂ ಬಳೆ ಬಣ್ಣದಲ್ಲಿ ಗುರುತು ಹಾಕಿ ಒಟ್ಟಿಗೇ ಇಡ್ತೀವಿ. ನಮ್ಮದು ನಾಲ್ಕು ಮನೆ ಚಾರ್ಜರು, ಹಗಲಲ್ಲೇ ಎರಡು ಸಲ ಇಡ್ಬೇಕು. ಸತ್ತ ಸೆಲ್ಲನ್ನಂತೂ ಕಸದ ಜೊತೆ ಬಚ್ಚಲೊಲೆಗೆ ಹಾಕ್ಲೇಬೇಡಿ, ಸಿಡಿಯುತ್ತೆ. ನಮ್ಮಲ್ಲಿ ಎಲ್ಲಾ ಕಸನೂ ಅಲ್ಲಿಗೇ ಹೋಗೋದಲ್ವಾ. ನಾನು ಹಾರ್ಲಿಕ್ಸ್ ಡಬ್ಬಿ ಒಂದು ಇಟ್ಟಿದೀನಿ ಅದಕ್ಕೇ.

ಗಾಡಿ ಹೊಸಲು ದಾಟಲ್ಲ, ಅಲ್ಲಿಗೊಂದು ಹಲಗೆ ಇಳಿಜಾರು ಮಾಡ್ಬೇಕು. ಲೋಟ ಮುಕ್ಕಾಲು ತುಂಬಿದ್ರೆ ಚೆಲ್ಲಲ್ಲ. ಅತ್ತೆ ಈಗ ಗಾಡಿಗೆ ಗೆಜ್ಜೆ ಕಟ್ಟು ಅಂತ ಕೂತಿದಾರೆ. ಗೆಜ್ಜೆ ಎಷ್ಟು ಗ್ರಾಂ ಆಗುತ್ತೋ ನೋಡ್ಬೇಕು ಅಂತ ಮಗ ನನ್ನ ತಕ್ಕಡಿ ಎತ್ಕೊಂಡು ಹೋಗಿದಾನೆ.